ಕಾಲಿನಲ್ಲಿ ಕೇಳುವವರು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಯಳಂದೂರಿನ ಕಲ್ಯಾಣ ಮಂಟಪವೊಂದರ ಊಟದ ಹಾಲಿನಲ್ಲಿ ಕೂತು ನಾನು ಜೀವಮಾನದಲ್ಲಿ ಮೊದಲ ಸಲ ಒಪೆರಾ ನೋಡಿದೆ. ಹಿಂದಿನ ದಿನದ ಮದುವೆಯ ಸಾರಿನ ಘಮ ಇನ್ನೂ ಗೋಡೆಗಳಲ್ಲಿ ಇತ್ತು. ಸಿನಿಮಾ ಪರದೆಯ ಜಾಗದಲ್ಲಿ ಯಾರದೋ ಮನೆಯ ಬಿಳೀ ಪಂಚೆ ಕಟ್ಟಿದ್ದರು. ಒಪೆರಾ ಅಂದರೆ ನಮ್ಮ ಕಂಪನಿ ನಾಟಕದ ಹಾಗೆಯೇ, ಆದರೆ ಅದರಲ್ಲಿ ಮಾತು ಅನ್ನುವುದೇ ಇಲ್ಲ, ಬಾಗಿಲು ಹಾಕು ಅನ್ನಬೇಕಾದರೂ ಹಾಡಿಯೇ ಅನ್ನಬೇಕು ಎಂದು ಲೀಲಾ ಮಿಸ್ಸು ನನಗೆ ಮೊದಲೇ ತಿಳಿಸಿದ್ದರು. ಲೀಲಾ ಮಿಸ್ಸು ಹನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಅದೇ ಸ್ಕೂಲಿನಲ್ಲಿ ನಾನು ಇನ್ನೂ ವಿಜ್ಞಾನ ಹೇಳಿಕೊಂಡು, ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಇದ್ದೇನೆ. ನಿವೃತ್ತಿಯಾದ ಮೇಲೆ ಕೆಲವರು ಗುಲಾಬಿ ಬೆಳೆಸುತ್ತಾರೆ, ಕೆಲವರು ಸೊಸೆಯನ್ನು ತಿದ್ದುತ್ತಾರೆ. ಲೀಲಾ ಮಿಸ್ಸು ಯಳಂದೂರಿಗೆ ಒಳ್ಳೆಯ ಸಿನಿಮಾ ತೋರಿಸಲು ಹೊರಟಿದ್ದಾರೆ.

ಬಾಗಿಲಲ್ಲೇ ನಮ್ಮ ಕೈಗೆ ಒಂದು ಹಾಳೆ ಕೊಟ್ಟರು. ‘ಪ್ರೇಕ್ಷಕರಿಗೆ ಸೂಚನೆಗಳು’ ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಒಂಬತ್ತು ಸೂಚನೆಗಳು. ಮೊಬೈಲು ಆರಿಸಬೇಕು. ಮಧ್ಯೆ ಎದ್ದು ಹೋಗಬಾರದು. ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟಬಾರದು, ಅದು ಮುಗಿದಿರುವುದಿಲ್ಲ. ಕೆಮ್ಮು ಬಂದರೆ ಕರವಸ್ತ್ರ ಅಡ್ಡ ಹಿಡಿಯಬೇಕು. ಕಡಲೆಕಾಯಿ ತರಬಾರದು. ನಾನು ನಗುತ್ತಾ ಓದಿಕೊಂಡು ಬಂದೆ. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಹೇಳಿದ ಕೈ, ಸುಮ್ಮನೆ ಇರು ಅಂದರೆ ಇರುತ್ತದೆಯೇ? ಒಂಬತ್ತನೆಯದು ‘ಕೂತಲ್ಲಿ ಕಾಲು ಅಲ್ಲಾಡಿಸಬಾರದು’ ಎಂದಿತ್ತು. ಅಲ್ಲಿ ನನ್ನ ನಗು ನಿಂತುಹೋಯಿತು. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅದನ್ನು ಹೇಳಲಿಕ್ಕೇ ಕೂತಿರುವುದು. ಆದರೆ ನೇರವಾಗಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಾವು ಇದ್ದದ್ದು ಹನ್ನೊಂದು ಜನ. ಮಂಟಪದ ವಾಚ್‌ಮನ್ ಮಾದಯ್ಯನನ್ನೂ ಸೇರಿಸಿದರೆ ಹನ್ನೆರಡು. ಅವನು ಬೀಗದ ಕೈ ಗೊಂಚಲು ಹಿಡಿದು ಹಿಂದೆ ನಿಂತಿದ್ದ. ಕತೆ ಬಹಳ ಸಣ್ಣದು. ಒಬ್ಬಳನ್ನು ಇಬ್ಬರು ಪ್ರೀತಿಸುತ್ತಾರೆ, ಒಬ್ಬ ಚೂರಿ ಹಾಕುತ್ತಾನೆ, ಅವಳು ಸಾಯುತ್ತಾಳೆ. ಆದರೆ ಸಾಯುವ ಮೊದಲು ಹಾಡುತ್ತಾಳೆ. ಎಷ್ಟು ಹಾಡುತ್ತಾಳೆ ಅಂದರೆ, ನನ್ನ ಪಕ್ಕದಲ್ಲಿದ್ದ ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರರು ಅಷ್ಟರೊಳಗೆ ಒಂದು ನಿದ್ದೆ ಮುಗಿಸಿ, ಎದ್ದು, “ಹೋದ್ಲಾ?” ಎಂದು ಕೇಳಿ, ಇಲ್ಲವೆಂದು ತಿಳಿದು ಮತ್ತೆ ಕಣ್ಣು ಮುಚ್ಚಿದರು. ನನಗಂತೂ ಆ ದನಿ ಎಲ್ಲಿಂದ ಹೊರಡುತ್ತದೆ, ಎಲ್ಲಿ ಇಳಿಯುತ್ತದೆ ಎನ್ನುವುದೇ ಹತ್ತಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರು ಅನ್ನುತ್ತಾರಲ್ಲ, ಆ ಕೋಣಕ್ಕೆ ಹೇಗನ್ನಿಸಿರಬಹುದು ಎನ್ನುವುದು ನನಗೆ ಅಂದು ಚೆನ್ನಾಗಿ ತಿಳಿಯಿತು. ಪಾಪ, ಕೋಣ ಗೌರವದಿಂದಲೇ ನಿಂತಿರುತ್ತದೆ.

ಮುಗಿದ ಮೇಲೆ ಲೀಲಾ ಮಿಸ್ಸು ಎದ್ದು ನಿಂತು ಅಭಿಪ್ರಾಯ ಕೇಳಿದರು. ಹನ್ನೊಂದು ಜನ ವಿದ್ಯಾವಂತರು ಚಾವಣಿ ನೋಡಿದೆವು. ಹಿಂದಿನಿಂದ ಮಾದಯ್ಯ ಗಂಟಲು ಸರಿ ಮಾಡಿಕೊಂಡ.

“ಅಲ್ಲ ಮೇಡಮ್ನೋರೆ, ಚೂರಿ ಆಕುಸ್ಕಂಡ್ ಮ್ಯಾಲೂ ಅಷ್ಟೊತ್ತು ಪದ ಯೋಳ್ತಾ ಇದ್ಲಲ್ಲ ಅಯಮ್ಮ, ಅಷ್ಟ್ರಲ್ಲಿ ಕೊಳ್ಳೇಗಾಲದ್ ಆಸ್ಪತ್ರೆಗೇ ತಕಂಡೋಗಿ ಒಲ್ಗೆ ಆಕುಸ್ಬೋದಾಗಿತ್ತು. ಅಷ್ಟು ಜನ ಸುತ್ತ ನಿಂತವ್ರೆ, ಒಬ್ಬನ್ಗಾರ ಬುದ್ದಿ ಬ್ಯಾಡ್ವಾ?”

ಎಲ್ಲರೂ ನಕ್ಕೆವು. ನಗುವಾಗ ನೋಡಿದರೆ ಅವನ ಕಣ್ಣು ಕೆಂಪಗಿತ್ತು. ಸುತ್ತ ನಿಂತವರ ಮೇಲೆ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ನನಗೆ ಒಪೆರಾ ಅರ್ಥವಾಗದಿದ್ದರೂ ಮಾದಯ್ಯ ಅರ್ಥವಾದ, ಏಕೆಂದರೆ ನಾನು ಹುಟ್ಟಿ ಬೆಳೆದದ್ದೇ ಇಂಥ ಪ್ರೇಕ್ಷಕರ ಮಧ್ಯೆ.

ಇಂಥವರಲ್ಲಿ ನಾನು ಮೊದಲು ಹೇಳಬೇಕಾದ್ದು ರಾಮಾಪುರದ ನನ್ನ ಸೋದರತ್ತೆಯನ್ನು. ಚಿಕ್ಕತಾಯಮ್ಮ ಅವರ ಹೆಸರು. ಕೊಳ್ಳೇಗಾಲದ ನೇಯ್ಗೆಯವರ ಬೀದಿಯಿಂದ ರಾಮಾಪುರದ ಅಂಗಡಿ ಮನೆಗೆ ಸೊಸೆಯಾಗಿ ಹೋದವರು. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ತಮಿಳಿನವರಾದ್ದರಿಂದ ಉಪ್ಪು ಮೆಣಸಿನಕಾಯಿ ಕೊಡುತ್ತಲೇ ಅತ್ತೆ ತಮಿಳು ಕಲಿತರು. ಬೇಸಿಗೆ ರಜಕ್ಕೆ ನಾನು ಅಲ್ಲಿಗೆ ಹೋದರೆ ಭಾನುವಾರ ಹನೂರಿನ ತಗಡಿನ ಟಾಕೀಸಿಗೆ ಮ್ಯಾಟ್ನಿಗೆ ಕರೆದುಕೊಂಡು ಹೋಗುತ್ತಿದ್ದರು. ಬರುತ್ತಿದ್ದದ್ದು ಬಹಳಮಟ್ಟಿಗೆ ತಮಿಳು ಚಿತ್ರಗಳು. ಹೆಂಗಸರ ಕಡೆಯ ಬೆಂಚುಗಳಲ್ಲಿ ಅರ್ಧ ಜನಕ್ಕೆ ತಮಿಳು ಬಾರದು. ಅತ್ತೆ ನಟ್ಟನಡುವಿನ ಬೆಂಚಿನಲ್ಲಿ ಕೂತು, ಎಲೆಯಡಿಕೆ ಮೆಲ್ಲುತ್ತಾ, ಗಟ್ಟಿಯಾಗಿ ಕನ್ನಡ ಮಾಡುತ್ತಿದ್ದರು.

“ಈಗ ಅವ್ನು ಏನಂತಾವ್ನೆ ಅಂದ್ರೆ, ನಿಮ್ಮಪ್ಪನ್ ಮನೆಗೇ ಓಗು ಅಂತಾವ್ನೆ. ಅವ್ಳು ಓಗಕಿಲ್ಲ ಅಂತಾವ್ಳೆ. ಸರಿಯಾಗ್ ಯೋಳುದ್ಲು ಬುಡು.”

ಕೇಡಿಗ ಬಂದು ಅಸಹ್ಯವಾಗಿ ಏನಾದರೂ ಅಂದರೆ ಅತ್ತೆ ತಮ್ಮ ಕೆಲಸ ನಿಲ್ಲಿಸಿಬಿಡುತ್ತಿದ್ದರು. “ಅವ್ನ್ ಬಾಯ್ಗ್ ಉಳ ಬೀಳ, ಇದು ನಿಮ್ಗೆ ಬ್ಯಾಡ.” ನಾವೆಲ್ಲ ಆ ಹೊತ್ತು ಮುಗಿಯುವವರೆಗೆ ಅವರ ಮುಖ ನೋಡುತ್ತಾ ಕಾಯುತ್ತಿದ್ದೆವು. ಅತ್ತೆಗೆ ಜ್ವರ ಬಂದ ವಾರ ಹೆಂಗಸರ ಕಡೆ ಖಾಲಿ ಖಾಲಿಯಾಗಿತ್ತಂತೆ. ಟಾಕೀಸಿನವರೇ ಅಂಗಡಿಗೆ ಬಂದು “ಅಮ್ಮಾವ್ರು ಎಂಗವ್ರೆ?” ಎಂದು ವಿಚಾರಿಸಿಕೊಂಡು ಹೋದರು.

ಅಂಥ ಒಂದು ಚಿತ್ರದಲ್ಲಿ, ತನ್ನ ತಂಗಿಯನ್ನು ಮನೆಯಿಂದ ಹೊರಗೆ ಹಾಕಿದ ಅಣ್ಣ ಕೊನೆಯಲ್ಲಿ ಅವಳ ಮುಂದೆ ನಿಂತು ಅತ್ತು, ತಪ್ಪಾಯಿತು ಅನ್ನುವ ದೃಶ್ಯವಿತ್ತು. ನಾನು ಅತ್ತೆಯ ಸೆರಗು ಹಿಡಿದುಕೊಂಡು ಅತ್ತಿದ್ದೆ. ಈಚೆಗೆ ಅದೇ ಚಿತ್ರ ಮೊಬೈಲಿನಲ್ಲಿ ಸಿಕ್ಕಿತು. ಈಗ ನನಗೂ ಅಷ್ಟಿಷ್ಟು ತಮಿಳು ಬರುತ್ತದೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ನೋಡುತ್ತಾ ಬಂದೆ. ಆ ಅಣ್ಣ ಕ್ಷಮೆಯನ್ನೇ ಕೇಳುವುದಿಲ್ಲ ನೋಡಿ! ಜಮೀನಿನ ಪತ್ರ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಾನೆ. ಅಳು ಯಾಕೋ, ಪತ್ರಕ್ಕೋ ಏನೋ. ತಪ್ಪಾಯಿತು ಎನ್ನುವ ಮಾತು ಅತ್ತೆ ತಾವೇ ಹಾಕಿದ್ದು. ಅಣ್ಣನಾದವನು ಅಲ್ಲಿ ಆ ಮಾತು ಆಡಲೇಬೇಕು ಎಂದು ಅವರಿಗೆ ಅನ್ನಿಸಿತ್ತು, ಆಡಿಸಿದರು. ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ನನಗೆ ಆ ಚಿತ್ರ ತೆಗೆದವರ ಮೇಲೆ ತುಂಬ ಕೋಪ ಬಂದಿತ್ತು.

ನಮ್ಮ ಕಡೆ ಸುಮ್ಮನೆ ಕೂತು ಕೇಳುವುದು ಮರ್ಯಾದೆ ಅಲ್ಲ, ಅವಮರ್ಯಾದೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಕಾಲದಲ್ಲಿ, ತಾಳ ಬಡಿಯುತ್ತಾ ಅವನ ಪದ ಹೇಳುವ ಕಂಸಾಳೆಯವರು ನಮ್ಮ ಬೀದಿಗೆ ಬಂದರೆ, ಒಂದು ಸೊಲ್ಲು ಅವರು ಹೇಳಬೇಕು, ಅದರ ಬಾಲ ನಾವು ಹಿಡಿಯಬೇಕು. ಒಮ್ಮೆ ನಾವು ಹುಡುಗಿಯರು ಓದಿದವರ ಗತ್ತಿನಲ್ಲಿ ಬಾಯಿ ಮುಚ್ಚಿ ನಿಂತಿದ್ದಕ್ಕೆ ಮುದುಕರೊಬ್ಬರು ಪದವನ್ನೇ ನಿಲ್ಲಿಸಿದರು. “ಏನ್ರವ್ವಾ, ಬಾಯ್ಗೆ ಬೀಗ ಜಡ್ಕಂಡಿದ್ದೀರಾ? ನಾನೊಬ್ನೇ ಕೂಗುದ್ರೆ ಮಾದಪ್ಪ ಎಂಗೆ ಬತ್ತಾನೆ?”

ಅಂದರೆ, ನೋಡಿ, ನಮ್ಮೂರಿನ ಕೇಳುಗರು ಒಬ್ಬ ಕಲಾವಿದನಿಂದ ಬೈಸಿಕೊಂಡದ್ದು ಸುಮ್ಮನಿದ್ದದ್ದಕ್ಕೆ. ಇನ್ನೊಬ್ಬರಿಂದ ಬೈಸಿಕೊಂಡದ್ದು ಸುಮ್ಮನೆ ಇರಲಾರದ್ದಕ್ಕೆ. ಆ ಎರಡನೆಯದು ನಮ್ಮಪ್ಪನ ಕತೆ. ಸುತ್ತಿ ಬಳಸಿ ಕೊನೆಗೂ ಅಲ್ಲಿಗೇ ಬಂದೆ.

ನಮ್ಮಪ್ಪ ಶಿವಣ್ಣ. ಬೀದಿಯಲ್ಲಿ ರೇಡಿಯೊ ಶಿವಣ್ಣ. ರೇಷ್ಮೆ ಸೀರೆ ನೇಯುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಗುಂಡಿ ಮಗ್ಗ. ನೋಡದವರಿಗೆ ಹೇಳಬೇಕೆಂದರೆ, ನೆಲದಲ್ಲಿ ಸೊಂಟದಷ್ಟು ಆಳದ ಗುಂಡಿ, ಅದರ ಅಂಚಿನಲ್ಲಿ ನೇಯುವವರು ಕೂರುತ್ತಾರೆ, ಕಾಲು ಗುಂಡಿಯೊಳಗೆ ಇಳಿಬಿದ್ದಿರುತ್ತದೆ. ಅಲ್ಲಿ ತುಳಿಯುವ ಹಲಗೆಗಳು. ಬಲಗಾಲು ತುಳಿದರೆ ಒಂದಷ್ಟು ಎಳೆ ಮೇಲೇಳುತ್ತದೆ, ಅಡ್ಡ ನೂಲಿನ ಲಾಳಿ ಹಾಯುತ್ತದೆ. ಎಡಗಾಲು ತುಳಿದರೆ ಉಳಿದ ಎಳೆ ಮೇಲೇಳುತ್ತದೆ, ಲಾಳಿ ವಾಪಸು ಬರುತ್ತದೆ. ಬೆಳಿಗ್ಗೆಯಿಂದ ಬೆಳಕು ಇರುವವರೆಗೆ ಇದೇ. ಗೋಡೆಯ ಗೂಡಿನಲ್ಲಿ ರೇಡಿಯೊ. ಅದರಲ್ಲಿ ಕಚೇರಿ ಬಂದರೆ ಅಪ್ಪನ ಕಾಲು ಮೃದಂಗದವನ ಜೊತೆ ಸೇರಿಕೊಳ್ಳುತ್ತಿತ್ತು. ವಿಳಂಬದ ಕೀರ್ತನೆ ಬಂದರೆ ಅಂದು ಸೀರೆ ನಿಧಾನ. ಕೊನೆಗೆ ತಿಲ್ಲಾನ ಬಂದರೆ ಅಮ್ಮ ಅಡುಗೆಮನೆಯಿಂದಲೇ “ಎಳೆ ಕಿತ್ತೋದಾವು, ವಸಿ ನಿಧಾನ!” ಎಂದು ಕೂಗುತ್ತಿದ್ದರು.

ಅಪ್ಪನಿಗೆ ರಾಗದ ಹೆಸರು ಒಂದೂ ಗೊತ್ತಿರಲಿಲ್ಲ. ತಾಳ ಮಾತ್ರ ಮೊಣಕಾಲಿನ ಕೆಳಗೆ ಪೂರ್ತಿ ಗೊತ್ತಿತ್ತು. ಏಳೆಣಿಕೆಯ ತಾಳ ಅಂದರೆ ಅವರಿಗೆ ಪ್ರಾಣ. “ಇದು ನ್ಯಾಯಸ್ತರ ತಾಳ ಕಣವ್ವ. ಎಂಟೆಣಿಕೇಲಿ ಯಾವಾಗ್ಲೂ ಬಲಗಾಲ್ಗೇ ಮೊದ್ಲೇಟು. ಇದ್ರಲ್ ಆದ್ರೆ ಒಂದ್ಸಲ ಬಲಗಾಲ್ಗೆ, ಇನ್ನೊಂದ್ಸಲ ಎಡಗಾಲ್ಗೆ. ಯಾರ್ಗೂ ಮೋಸ ಇಲ್ಲ.” ನಾನು ಎಷ್ಟೋ ವರ್ಷ ಆದ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಸರಿಯಾಗಿಯೇ ಇತ್ತು.

ಬೀದಿಯ ಕೊನೆಯಲ್ಲಿ ರಾಮಮಂದಿರ. ರಾಮನವಮಿಗೆ ಒಂಬತ್ತು ದಿನ ಸಂಜೆ ಕಚೇರಿ. ಜೀವಮಾನವೆಲ್ಲ ಕಾಲು ಇಳಿಬಿಟ್ಟು ಕೂತ ನೇಕಾರರಿಗೆ ಚಕ್ಕಲುಮಕ್ಕಲು ಹಾಕಲು ಬರುವುದಿಲ್ಲ, ಮಂಡಿ ಮಡಚುವುದಿಲ್ಲ. ಹಾಗಾಗಿ ಉಳಿದವರು ಜಮಖಾನದ ಮೇಲೆ ಕೂತರೆ ನಮ್ಮ ಬೀದಿಯ ಗಂಡಸರು ಎದುರಿನ ಎತ್ತರದ ಜಗಲಿಯ ಅಂಚಿನಲ್ಲಿ ಸಾಲಾಗಿ ಕೂತು ಕಾಲು ಕೆಳಗೆ ಬಿಡುತ್ತಿದ್ದರು. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಆ ಕಾಲುಗಳೆಲ್ಲ ಗಾಳಿಯಲ್ಲಿ ತುಳಿಯಲು ಶುರು ಮಾಡುತ್ತಿದ್ದವು. ಬಲ, ಎಡ, ಬಲ, ಎಡ. ಬರಿಗಾಲು, ಸದ್ದಿಲ್ಲ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ, ಆದರೂ ಇಪ್ಪತ್ತು ಜೊತೆ ಕಾಲು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ವರ್ಷವರ್ಷ ಬರುತ್ತಿದ್ದ ಪಿಟೀಲಿನ ವಿದ್ವಾಂಸರೊಬ್ಬರು ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಹೊಸಬರು ಪಕ್ಕವಾದ್ಯಕ್ಕೆ ಬಂದರೆ “ದಾರಿ ತಪ್ಪಿದರೆ ಜಗಲಿ ಕಡೆ ನೋಡಿಕೊಳ್ಳಿ” ಎಂದು ಅವರಿಗೆ ಹೇಳಿಕೊಡುತ್ತಿದ್ದರಂತೆ.

ಇಂಥ ಅಪ್ಪನ ಮಗಳಾದ ನನಗೆ ತಾಳ ಇಲ್ಲ. ನಾಲ್ಕು ವರ್ಷ ಸಂಗೀತ ಪಾಠಕ್ಕೆ ಹೋದೆ. ದನಿಯೇನೋ ಪರವಾಗಿಲ್ಲ ಅನ್ನುವ ಹಾಗಿತ್ತು. ಕೈ ತೊಡೆಯ ಮೇಲೆ ಬೀಳುವ ಹೊತ್ತಿಗೆ ಹಾಡು ಆಚೆ ಮನೆ ತಲುಪಿರುತ್ತಿತ್ತು. “ರಾಗ ನಿನಗೆ ಒಲಿದರೂ ಒಲಿದೀತಮ್ಮ, ತಾಳದ ಆಸೆ ಬಿಡು” ಎಂದು ಮೇಷ್ಟ್ರು ಹೇಳಿದ್ದರು. ಈಗಲೂ ಕಚೇರಿಗೆ ಹೋದರೆ ಮುಂದಿನ ಸಾಲಿನವರ ಕೈ ನೋಡಿಕೊಂಡು ತಲೆದೂಗುತ್ತೇನೆ. ಅವರು ಸೊಳ್ಳೆ ಹೊಡೆದರೆ ಅದಕ್ಕೂ ಒಂದು ಸಲ ತೂಗಿರುತ್ತೇನೆ.

ಆದರೆ ಹದಿನೇಳನೆಯ ವಯಸ್ಸಿನಲ್ಲಿ ಸಂಗೀತ ಬಲ್ಲವಳೆಂಬ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಆ ವರ್ಷ ಊರಿನಲ್ಲಿ ಹೊಸದೊಂದು ಸಭಾಂಗಣ ಆಗಿತ್ತು. ಹೊರಗಿನಿಂದ ದೊಡ್ಡ ಗಾಯಕರೊಬ್ಬರು ಬರುವವರಿದ್ದರು. ಪಾಠಕ್ಕೆ ಹೋಗುತ್ತಿದ್ದ ನಮಗೆಲ್ಲ ಮುಂದಿನ ಸಾಲುಗಳ ಪಾಸು ಸಿಕ್ಕಿತ್ತು. ಅಪ್ಪ ತಮ್ಮ ಜೊತೆಗಾರರ ಸಂಗಡ ಹಿಂದೆ ನಿಲ್ಲುತ್ತೇನೆ ಅಂದರು. ನಾನೇ ಬಿಡಲಿಲ್ಲ. ನನ್ನ ಪಕ್ಕದಲ್ಲಿ, ಎರಡನೆಯ ಸಾಲಿನಲ್ಲಿ, ಕುರ್ಚಿಯಲ್ಲಿ ಕೂರಬೇಕು ಅಂದೆ. ಬರಿಗಾಲಲ್ಲಿ ಬರಬೇಡಿ ಎಂದು ಹೇಳಿ, ಮದುವೆಗಳಿಗೆಂದು ಎತ್ತಿಟ್ಟಿದ್ದ ಹೊಸ ಚರ್ಮದ ಚಪ್ಪಲಿಯನ್ನೂ ನಾನೇ ತೆಗೆದುಕೊಟ್ಟೆ.

ವರ್ಣ ಮುಗಿಯಿತು. ಆಮೇಲೆ ಒಂದು ಕೀರ್ತನೆ. ಗಾಯಕರು ಚೆನ್ನಾಗಿಯೇ ಹಾಡುತ್ತಿದ್ದರು, ಸುಳ್ಳು ಹೇಳಬಾರದು. ಅಪ್ಪನ ಕಣ್ಣು ಮುಚ್ಚಿಕೊಂಡವು. ಟಪ್, ಟಪ್, ಟಪ್, ಟಪ್. ಗಚ್ಚಿನ ನೆಲ, ಹೊಸ ಅಟ್ಟೆ. ಜಗಲಿಯಲ್ಲಾಗಿದ್ದರೆ ಯಾರಿಗೂ ಕೇಳದಿದ್ದದ್ದು ಇಡೀ ಸಭಾಂಗಣಕ್ಕೆ ಕೇಳತೊಡಗಿತು. ನಾನು ಮೊಣಕೈಯಲ್ಲಿ ತಿವಿದೆ. ಅಪ್ಪ ಮುಗುಳ್ನಕ್ಕರು, ನಾನೂ ಮೆಚ್ಚಿ ತಿವಿದೆ ಎಂದುಕೊಂಡರೇನೋ. ಗಾಯಕರು ಹಾಡು ನಿಲ್ಲಿಸಿದರು.

“ಎರಡನೇ ಸಾಲಿನವರು, ದಯವಿಟ್ಟು ಕಾಲು ಕುಟ್ಟಬೇಡಿ. ಸಂಗೀತ ಅಂದರೆ ಸರಸ್ವತಿ. ಕಾಲಲ್ಲಿ ತುಳಿಯುವ ವಸ್ತುವಲ್ಲ.”

ಸಭೆಯೆಲ್ಲ ತಿರುಗಿ ನೋಡಿತು. ಅಪ್ಪ ಕಣ್ಣು ಬಿಟ್ಟು, ಯಾರಿಗೆ ಹೇಳಿದ್ದು ಎಂದು ತಾವೂ ಹಿಂದೆ ತಿರುಗಿ ನೋಡಿದರು. ಆಮೇಲೆ ತಿಳಿಯಿತು. ಎರಡು ಮೊಣಕಾಲನ್ನೂ ಎರಡು ಕೈಯಲ್ಲಿ ಹಿಡಿದುಕೊಂಡರು. ನನ್ನ ಇನ್ನೊಂದು ಪಕ್ಕದಲ್ಲಿ ಪಾಠದ ಗೆಳತಿ ಇದ್ದಳು, ತಹಶೀಲ್ದಾರರ ಮಗಳು, ಊರಿಗೆ ಹೊಸಬಳು. ಅವಳು ನನ್ನ ಕಿವಿಯಲ್ಲಿ ಕೇಳಿದಳು, “ಯಾರೇ ಇವ್ರು? ನಿಂಗೆ ಗೊತ್ತಾ?”

“ಗೊತ್ತಿಲ್ಲ” ಅಂದೆ.

ಅಷ್ಟೇ. ಮೂರೇ ಅಕ್ಷರ. ಕಚೇರಿ ಮುಗಿಯುವವರೆಗೆ ಅಪ್ಪ ಮೊಣಕಾಲು ಬಿಡಲಿಲ್ಲ. ವಾಪಸು ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನನಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದು ಬಂದರು.

ಮಾರನೆಯ ವರ್ಷ ರಾಮನವಮಿಗೆ ಅರ್ಜೆಂಟು ಸೀರೆ ಇದೆ ಅಂದರು. ಅದರ ಮಾರನೆಯ ವರ್ಷ ಮಂಡಿ ನೋವು. ಆಮೇಲಾಮೇಲೆ ಯಾರೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ನಮ್ಮ ಬೀದಿಯಲ್ಲೇ ಹಾಡುತ್ತಿದ್ದರೂ ಜಗಲಿಯಲ್ಲಿ ನಮ್ಮಪ್ಪನ ಜಾಗ ಖಾಲಿ. ಮಗ್ಗದಲ್ಲಿ ರೇಡಿಯೊ ಮಾತ್ರ ನಡೆಯುತ್ತಿತ್ತು. ಆ ಗಾಯಕರನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೆ! ಕಾಲಿಗೆ ಗೆಜ್ಜೆ ಕಟ್ಟಿದರೆ ಕಲೆ, ಕಾಲಿಗೆ ಚಪ್ಪಲಿ ಇದ್ದರೆ ಮೈಲಿಗೆಯೇ ಎಂದು ಎಷ್ಟೋ ಸಲ ಬಸ್ಸಿನ ಕಿಟಕಿಗೆ ಒರಗಿ ವಾದ ಹೂಡಿದ್ದೇನೆ. ಅವರನ್ನು ಬೈದಷ್ಟೂ ನನ್ನ ಮಾತು ಮರೆಯಾಗುತ್ತಿತ್ತಲ್ಲ, ಅದೇ ಲಾಭ. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ ಎನ್ನುವುದೊಂದು ಮಾತ್ರ ಹೆಚ್ಚುಕಡಿಮೆ ನಲವತ್ತು ವರ್ಷ ನನ್ನ ಜೊತೆ ಓಡಾಡಿತು. ಕೇಳಲು ಬಾಯಿ ಬರಲಿಲ್ಲ.

ಈಗ ಅಪ್ಪನಿಗೆ ಎಂಬತ್ತನಾಲ್ಕು. ನನ್ನ ತಮ್ಮನ ಸಂಸಾರದ ಜೊತೆ ಕೆಳಗಿನ ಮನೆಯಲ್ಲಿದ್ದಾರೆ, ನಾವು ಮೇಲೆ. ಮಗ್ಗದ ಗುಂಡಿ ಮುಚ್ಚಿ ಟೈಲ್ಸ್ ಹಾಕಿದ್ದಾಗಿದೆ. ಕಿವಿ ಚುರುಕಾಗಿದೆ. ಸಕ್ಕರೆ ಕಾಯಿಲೆ ಬಂದು ಕಾಲು ಮಾತ್ರ ಮರಗಟ್ಟಿವೆ. ಚಪ್ಪಲಿ ಜಾರಿ ಬಾಗಿಲಲ್ಲೇ ಉಳಿದರೂ ಗೊತ್ತಾಗದೆ ನಡೆದುಬಿಡುತ್ತಾರೆ, ನಾವು ಹಿಂದೆ ಓಡುತ್ತೇವೆ.

ಯಳಂದೂರಿನಿಂದ ಬಂದ ಸಂಜೆ ಅವರಿಗೆ ಕಾಫಿ ಕೊಟ್ಟು ಒಪೆರಾದ ಕತೆ ಹೇಳಿದೆ. ಮಾದಯ್ಯ ಹೊಲಿಗೆ ಹಾಕಿಸಬಹುದಾಗಿತ್ತು ಅಂದದ್ದಕ್ಕೆ ಕಾಫಿ ನೆತ್ತಿಗೇರುವಷ್ಟು ನಕ್ಕರು. “ಸರ್ಯಾಗೇ ಯೋಳವ್ನೆ” ಅಂದರು. ಆ ಹುರುಪಿನಲ್ಲಿ ನಾನು ಸೂಚನೆಗಳ ಹಾಳೆಯನ್ನೂ ತೆಗೆದು ಓದಿದೆ. ಕೆಮ್ಮು, ಕರವಸ್ತ್ರ, ಕಡಲೆಕಾಯಿ. ಎಂಟನೆಯದು ಓದಿ ಮಡಚಿಟ್ಟೆ.

ಅಪ್ಪ ಲೋಟ ಕೆಳಗಿಟ್ಟರು. “ಕಾಲಿನ್ ಸುದ್ದಿ ಇಲ್ವಾ ಅದ್ರಲ್ಲಿ?”

ನನ್ನ ಕೈ ಹಾಳೆಯ ಮೇಲೆಯೇ ಇತ್ತು. ಬಾಯಿಗೆ ಬಂದದ್ದು ಬೇರೆಯೇ. “ಅಪ್ಪ, ಅವತ್ತು ಆ ಹುಡುಗಿ ಕೇಳಿದಾಗ ನಾನು ಗೊತ್ತಿಲ್ಲ ಅಂದುಬಿಟ್ಟೆ.”

“ಕೇಳುಸ್ತು ಕಣವ್ವ.”

ಎಷ್ಟು ಸಲೀಸಾಗಿ ಹೇಳಿದರು ಅಂದರೆ, ನಲ್ಲಿ ನೀರು ಬಂತು ಅನ್ನುವ ಹಾಗೆ. ನನಗೆ ಅಳು ತಡೆಯಲಾಗಲಿಲ್ಲ. ಐವತ್ತಾರು ವರ್ಷದ ಹೆಂಗಸು, ಮಕ್ಕಳ ಕಿವಿ ಹಿಂಡುವ ಮೇಡಮ್ಮು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೂತೆ. “ಅದಕ್ಕೇ ಅಲ್ವಾ ನೀವು ಕಚೇರಿಗೆ ಬರೋದು ಬಿಟ್ಟಿದ್ದು? ಆ ಮಹಾನುಭಾವ ಅಂದಿದ್ದಕ್ಕಲ್ಲ, ನಾನು ಅಂದಿದ್ದಕ್ಕೆ.”

ಅಪ್ಪ ತಮ್ಮ ಪಾದಗಳ ಕಡೆ ನೋಡಿಕೊಂಡರು. “ಕ್ವಾಪಕ್ಕಲ್ಲವ್ವ. ಭಯಕ್ಕೆ. ಪದ ಬಂದ್ರೆ ಈ ಕಾಲು ನನ್ ಮಾತ್ ಕೇಳ್ತಿರ್ನಿಲ್ಲ. ಓದೋ ಎಣ್ಮಗ, ನಾಕ್ ಜನದ್ ಎದ್ರುಗೆ ನಿಂಗೆ ಇನ್ನೊಂದ್ಸಲ ಅಂಗಾಗ್ಬಾರ್ದು ಅಂತ ಓಗ್ನಿಲ್ಲ.” ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದು ಹೇಳಿದರು, “ಈ ವರ್ಸ ಬೇಕಾರೆ ಕರ್ಕಂಡೋಗು. ಈಗ ಕಾಲು ತಾನಾಗ್ ಆಡಕಿಲ್ಲ. ನಿಂಗೇನೂ ತೊಂದ್ರೆ ಇಲ್ಲ.”

ಈ ಮಾತನ್ನು ಬರೆಯಲು ನನಗೆ ಮೂರು ದಿನ ಬೇಕಾಯಿತು. ಅವರು ಚುಚ್ಚಲು ಹೇಳಿದ್ದಲ್ಲ. ಚುಚ್ಚಿದ್ದರೆ ಎಷ್ಟೋ ವಾಸಿಯಾಗಿತ್ತು.

ರಾಮನವಮಿಗೆ ಕರೆದುಕೊಂಡು ಹೋದೆ. ರಸ್ತೆ ಅಗಲ ಮಾಡುವಾಗ ಜಗಲಿ ಹೋಗಿ ಎಷ್ಟೋ ಕಾಲವಾಗಿದೆ. ಈಗ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹಾಡಲು ಕೂತಿದ್ದದ್ದು ಎಳೆಯ ಹುಡುಗಿ, ಮೈಸೂರಿನ ಕಡೆಯವಳು. ಪಾನಕ ಹಂಚುವವರು ಮಧ್ಯೆ ಮಧ್ಯೆ ಓಡಾಡುತ್ತಿದ್ದರು. ಅಪ್ಪ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿದರು. ವರ್ಣ ಹೋಯಿತು, ಕೀರ್ತನೆ ಬಂತು. ನಾನು ಹುಡುಗಿಯನ್ನು ನೋಡಲೇ ಇಲ್ಲ, ಅಪ್ಪನ ಕಾಲನ್ನೇ ನೋಡುತ್ತಿದ್ದೆ. ಎರಡೂ ಪಾದಗಳು ಕೂತಾಗ ಇಟ್ಟ ಜಾಗದಲ್ಲೇ ಇದ್ದವು. ಒಂದು ಬೆರಳೂ ಅಲುಗಲಿಲ್ಲ. ಅವರ ತುಟಿ ಮಾತ್ರ ತಾಳದ ಒಂದೊಂದು ಆವರ್ತವನ್ನೂ ಎಣಿಸುತ್ತಿತ್ತು.

ನಾನು ಏನು ಯೋಚಿಸಿದೆನೋ ಗೊತ್ತಿಲ್ಲ. ಬಲಗಾಲು ಎತ್ತಿ ನೆಲಕ್ಕೆ ಕುಟ್ಟಿದೆ. ಆಮೇಲೆ ಎಡಗಾಲು. ಮತ್ತೆ ಬಲಗಾಲು. ಮುಂದಿನವರ ಕೈ ನೋಡಿಕೊಳ್ಳೋಣವೆಂದರೆ ನಮ್ಮ ಮುಂದೆ ಯಾರೂ ಇರಲಿಲ್ಲ. ಚಪ್ಪಲಿಯ ಸದ್ದು ಜೋರಾಗಿಯೇ ಇತ್ತು. ಹಿಂದಿನಿಂದ ಯಾರೋ ‘ಶ್’ ಅಂದರು. ವೇದಿಕೆಯ ಮೇಲಿದ್ದ ಹುಡುಗಿ ಒಂದು ಕ್ಷಣ ನನ್ನ ಕಡೆ ನೋಡಿದಳು. ಕಿವಿಯೆಲ್ಲ ಬಿಸಿಯಾಯಿತು. ನಿಲ್ಲಿಸಲಿಲ್ಲ.

ಅಪ್ಪ ಕಣ್ಣು ಬಿಡಲಿಲ್ಲ. ಹಾಗೆಯೇ ನನ್ನ ಕಡೆ ವಾಲಿ ಮೆಲ್ಲಗೆ ಅಂದರು, “ತಪ್ ಆಕ್ತಾ ಇದ್ದೀ ಕಣವ್ವ. ಅರ್ಧ ಎಣಿಕೆ ಹಿಂದ್ಕೆ ಅದೆ.”

“ನಂಗೆ ಬರಲ್ಲ ಅಪ್ಪ” ಅಂದೆ.

ಲಾಳಿ ಹಿಡಿದು ಹಿಡಿದು ಹೆಬ್ಬೆರಳು ಸೊಟ್ಟಗಾಗಿರುವ ಅವರ ಕೈ ತಡವುತ್ತಾ ಬಂದು ನನ್ನ ಮೊಣಕಾಲಿನ ಮೇಲೆ ಕೂತಿತು. ಒಂದು ಆವರ್ತ ಸುಮ್ಮನೆ ಹಿಡಿದುಕೊಂಡರು, ಕಾಲು ಏಳಗೊಡಲಿಲ್ಲ. ಮುಂದಿನ ಆವರ್ತದ ಮೊದಲೇಟು ಬಂದಾಗ ಒತ್ತಿದರು. ನಾನು ತುಳಿದೆ.